ಎಂಜಿನ್ ಕಿಡಿಯ ಟೈಮಿಂಗ್ ಸರಿ ಇಡದೆ ಹಾಕಿದ ಎರಡನೇ ಬಿಲ್ ಹಣ ವಾಪಸ್ ಕೊಡುವ ಬಗ್ಗೆ

ಗೆ,
ಗ್ಯಾರೇಜಿನ ಮಾಲೀಕರು,
ಕುರ್ಲಾ, ಮುಂಬಯಿ

ಮಾನ್ಯರೇ,

ನನ್ನ ಪ್ರೀಮಿಯರ್ ಪದ್ಮಿನಿ (ಹಳೇ ಫಿಯಟ್) ಕಾರಿನ ಎಂಜಿನ್ ಇಳಿಸಿ ಪಿಸ್ಟನ್ ರಿಂಗ್ ಹಾಕಿದ್ದು ನಿಮ್ಮಲ್ಲೇ. ಆ ಕೆಲಸದ ಬಗ್ಗೆ ತಕರಾರಿಲ್ಲ. ಹೊಗೆ ನಿಂತಿದೆ, ಆಯಿಲ್ ಕುಡಿಯುವುದೂ ನಿಂತಿದೆ. ದೂರು ಇರುವುದು ಕೊನೆಗೆ ಡಿಸ್ಟ್ರಿಬ್ಯೂಟರ್ (ಪ್ಲಗ್‌ಗಳಿಗೆ ಕಿಡಿ ಹಂಚುವ ಭಾಗ) ಕೂರಿಸಿದ ರೀತಿಯ ಬಗ್ಗೆ, ಆಮೇಲೆ ಹಾಕಿದ ಎರಡನೇ ಬಿಲ್ ಬಗ್ಗೆ.

ಗಾಡಿ ನಿಮ್ಮಲ್ಲಿಂದ ಹೊರಟಾಗ ಚೆನ್ನಾಗಿಯೇ ಓಡುತ್ತಿತ್ತು. ಕೆಲವೇ ದಿನಕ್ಕೆ ಪಿಕಪ್ ಹೋಯಿತು. ಸೈಲೆನ್ಸರಿನಲ್ಲಿ ಪಟ್ ಪಟ್ ಸದ್ದು. ಖೋಪೋಲಿ ದಾಟಿ ಘಾಟಿ ಹತ್ತುವಾಗ ಟೆಂಪರೇಚರ್ ಮುಳ್ಳು ಕೆಂಪಿಗೆ ಹೋಗಿ, ಮನೆಯವರನ್ನೆಲ್ಲ ಇಳಿಸಿ ರಸ್ತೆ ಬದಿ ನಿಲ್ಲಬೇಕಾಯಿತು. ಮತ್ತೆ ನಿಮ್ಮಲ್ಲಿಗೇ ತಂದೆ. ನಿಮ್ಮ ಮೇಸ್ತ್ರಿ ಬಾನೆಟ್ ಎತ್ತಿ, ಕಿವಿಗೊಟ್ಟು ಕೇಳಿ, "ಹಳೇ ಗಾಡಿ ಅಲ್ವಾ, ಕಾರ್ಬುರೇಟರ್ ಕಟ್ಟಿಕೊಂಡಿದೆ" ಅಂದರು. ಕಾರ್ಬುರೇಟರ್ ಬಿಚ್ಚಿ ತೊಳೆದಿರಿ, ರೇಡಿಯೇಟರ್ ತೊಳೆದಿರಿ. 3,000 ರೂಪಾಯಿ ಕಟ್ಟಿದೆ. ಕಾಯಿಲೆ ಇದ್ದಲ್ಲೇ ಇತ್ತು.

ಕೊನೆಗೆ ಸಾಯನ್‌ನಲ್ಲಿ ಹಿಂದೆ ಟ್ಯಾಕ್ಸಿ ರಿಪೇರಿ ಮಾಡುತ್ತಿದ್ದ ಒಬ್ಬರಿಗೆ ತೋರಿಸಿದೆ. ಅವರು ಡಿಸ್ಟ್ರಿಬ್ಯೂಟರನ್ನು ಹಿಡಿದು ತಿರುಗಿಸಿದರು. ಕೈಯಲ್ಲೇ ತಿರುಗಿತು! ಕ್ಲ್ಯಾಂಪ್ ಬೋಲ್ಟ್ ಬಿಗಿಯೇ ಆಗಿರಲಿಲ್ಲ. ಬುಡದಲ್ಲಿ ಹಿಂದೆ ಯಾರೋ ಚಾಣದಲ್ಲಿ ಗೀರಿದ ಗೆರೆ ಇದೆ. ಡಿಸ್ಟ್ರಿಬ್ಯೂಟರ್ ಮೇಲಿರುವ ಅರ್ಧ ಗೆರೆ, ಎಂಜಿನ್ ಬ್ಲಾಕ್ ಮೇಲಿರುವ ಅರ್ಧ ಗೆರೆ ಒಂದಕ್ಕೊಂದು ಕೂಡಬೇಕು. ನಡುವೆ ಉಗುರಿನಷ್ಟು ಅಂತರ ಬಿದ್ದಿತ್ತು, ಅದೂ ಡಿಸ್ಟ್ರಿಬ್ಯೂಟರ್ ಒಳಗೆ ಸುತ್ತುವ ರೋಟರ್ ತಿರುಗುವ ದಿಕ್ಕಿಗೇ. ಆ ಕಡೆ ಸರಿದರೆ ಕಿಡಿ ತಡವಾಗುತ್ತದೆ. ತಡವಾದರೆ ಎಳೆತ ಇರಲ್ಲ, ಎಂಜಿನ್ ಬಿಸಿಯಾಗುತ್ತದೆ. ಪಿಸ್ಟನ್‌ಗಳು ತಿರುಗಿಸುವ ಕ್ರ್ಯಾಂಕ್ ಎರಡು ಸುತ್ತು ಬಂದಾಗ ಡಿಸ್ಟ್ರಿಬ್ಯೂಟರ್ ಒಂದೇ ಸುತ್ತು. ಹಾಗಾಗಿ ಅಲ್ಲಿ 5 ಡಿಗ್ರಿ ಸರಿದರೆ ಕ್ರ್ಯಾಂಕ್ ಲೆಕ್ಕದಲ್ಲಿ 10 ಡಿಗ್ರಿ ತಪ್ಪಿದ ಹಾಗೆ. ಇದು ನಿಮಗೆ ಗೊತ್ತಿಲ್ಲದ್ದೇನಲ್ಲ.

ಅವರು ಮಾಡಿದ್ದು ಇಷ್ಟೇ. ಒಂದನೇ ಪ್ಲಗ್ ಬಿಚ್ಚಿ, ತೂತಿಗೆ ಹೆಬ್ಬೆರಳಿಟ್ಟು, ಗಾಳಿ ಒತ್ತುವ ಸುತ್ತಿನಲ್ಲೇ ಪಿಸ್ಟನ್ ಮೇಲೆ ತಂದು ಪುಲ್ಲಿಯ ಗುರುತು ಕೂಡಿಸಿದರು. ಡಿಸ್ಟ್ರಿಬ್ಯೂಟರ್ ಒಳಗೆ ತೆರೆದು ಮುಚ್ಚಿ ಕಿಡಿ ಬರಿಸುವ ಪಾಯಿಂಟಿನ ಗ್ಯಾಪನ್ನು ಫೀಲರ್ ಗೇಜಿನಲ್ಲಿ (ಸಂದು ಅಳೆಯುವ ತೆಳು ಪಟ್ಟಿ) ನೋಡಿದರು. ಪಾಯಿಂಟಿನ ವೈರಿಗೂ ಬಾಡಿಗೂ ನಡುವೆ ಸಣ್ಣ ಬಲ್ಬ್ ಸಿಕ್ಕಿಸಿ, ಇಗ್ನಿಷನ್ ಆನ್ ಮಾಡಿ, ಬಲ್ಬ್ ಹತ್ತಿದ ಕಡೆ ಡಿಸ್ಟ್ರಿಬ್ಯೂಟರ್ ನಿಲ್ಲಿಸಿ ಬೋಲ್ಟ್ ಬಿಗಿ ಮಾಡಿದರು. ಪ್ಲಗ್ ವೈರುಗಳು ಕಿಡಿ ಹೊತ್ತುವ ಕ್ರಮದಲ್ಲಿ, 1-3-4-2, ಸರಿಯಾಗಿದ್ದವು, ಅದನ್ನು ಮುಟ್ಟಲಿಲ್ಲ. ಆಮೇಲೆ ಓಡುವ ಎಂಜಿನ್ನಿನ ಗುರುತಿನ ಮೇಲೆ ಟೈಮಿಂಗ್ ಲೈಟ್ (ಕಿಡಿಗೆ ಸರಿಯಾಗಿ ಮಿನುಗುವ ದೀಪ) ಹಾಯಿಸಿ ಇನ್ನೊಮ್ಮೆ ನೋಡಿದರು. ಅದೇ ಘಾಟಿಯನ್ನು ಈಗ ಗಾಡಿ ಸಲೀಸಾಗಿ ಹತ್ತುತ್ತದೆ. ನಿಮ್ಮ ಮೊದಲ ಬಿಲ್ಲಿನಲ್ಲೂ "ಟೈಮಿಂಗ್ ಲೈಟ್ ಚೆಕ್" ಎಂದು ದುಡ್ಡು ಹಾಕಿದ್ದೀರಿ. ಆ ಲೈಟ್ ಹಾಯಿಸಿದ್ದನ್ನು ನಾನಂತೂ ನೋಡಿಲ್ಲ.

ಕಾಲಿ-ಪೀಲಿ (ಕಪ್ಪು-ಹಳದಿ) ಪದ್ಮಿನಿ ಟ್ಯಾಕ್ಸಿಗಳು 2023ರಲ್ಲಿ ರಸ್ತೆಯಿಂದ ಹೋದ ಮೇಲೆ ಪಾಯಿಂಟ್ ಸೆಟ್ ಮಾಡುವ ಕೈಗಳು ಕಡಿಮೆಯಾಗಿವೆ, ಒಪ್ಪುತ್ತೇನೆ. ಆದರೆ "ಹಳೇ ಫಿಯಟ್ ಸ್ಪೆಷಲಿಸ್ಟ್" ಅಂತ ಬೋರ್ಡ್ ಹಾಕಿದವರು ನೀವೇ. ಊರ ಕಡೆಯವರು ಅಂತ ನಂಬಿ ಬಂದವನು ನಾನು.

ಎರಡನೇ ಬಿಲ್ಲಿನ 3,000 ರೂಪಾಯಿ, ಮೊದಲ ಬಿಲ್ಲಿನ ಟೈಮಿಂಗ್ ಲೈಟ್ ದುಡ್ಡು, ಎರಡನ್ನೂ 15 ದಿನದೊಳಗೆ ವಾಪಸ್ ಕೊಡಿ. ಇಲ್ಲವಾದರೆ 1915ಕ್ಕೆ ಕರೆ ಮಾಡಿ ಗ್ರಾಹಕ ಸಹಾಯವಾಣಿಯಲ್ಲಿ ದೂರು ದಾಖಲಿಸುತ್ತೇನೆ. ಎರಡೂ ಬಿಲ್ಲಿನ ಪ್ರತಿ, ಗೆರೆ ಸರಿದಿದ್ದ ಫೋಟೊ ಜೊತೆಗಿಟ್ಟಿದ್ದೇನೆ.

ಇತಿ,
ನಿಮ್ಮ ಗಿರಾಕಿ,
ಮಾಟುಂಗಾ