ಸಾಗರದ ಅಟ್ಟದ ಮೇಲಿನ ಕಾಗದಗಳಿಗಾಗಿ ಒಂದು ದೇಣಿಗೆ ಮನವಿ

ಸಾಗರದ ಬಂಧುಗಳೇ, ಬೆಂಗಳೂರಿನಲ್ಲೋ ದುಬೈಯಲ್ಲೋ ನೆಲೆಸಿದ್ದರೂ ಊರು ಯಾವುದೆಂದು ಕೇಳಿದರೆ ಇವತ್ತಿಗೂ ಸಾಗರ ಎನ್ನುವ ಹಿತೈಷಿಗಳೇ,

ನಮ್ಮೂರಿನ ಅರಸರ ಚರಿತ್ರೆಗೆ ಬರವಿಲ್ಲ. ಕೆಳದಿಯವರು 1499ರಿಂದ 1763ರವರೆಗೆ ಆಳಿದ್ದು, ಚೆನ್ನಮ್ಮ ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯ ಕೊಟ್ಟಿದ್ದು, ಇಕ್ಕೇರಿಯ ಅಘೋರೇಶ್ವರ ದೇವಸ್ಥಾನ, ಸದಾಶಿವ ನಾಯಕನ ಹೆಸರು ಹೊತ್ತ ಸದಾಶಿವ ಸಾಗರ ಈಗ ಗಣಪತಿ ಕೆರೆ ಆಗಿರುವುದು, ಇವೆಲ್ಲ ಶಾಲೆ ಮಕ್ಕಳಿಗೂ ಬಾಯಿಪಾಠ. ಕೆಳದಿಯಲ್ಲಿ ತಾಳೆಗರಿ, ಕಡತಗಳಿಗೆ ಸಂಗ್ರಹಾಲಯವೂ ಇದೆ. ಆದರೆ ಅರಸರು ಹೋದ ಮೇಲೂ ಊರು ಇತ್ತಲ್ಲ? ಅಡಿಕೆ ಮಂಡಿಯ ಗುಮಾಸ್ತರು, ಗಂಧ ಕೆತ್ತುವ ಗುಡಿಗಾರರು, ಜಾತ್ರೆಗೆ ಟೆಂಟ್ ಹಾಕಿ ಫೋಟೋ ತೆಗೆಯುತ್ತಿದ್ದವರು, ಶರಾವತಿಯ ಹಿನ್ನೀರಿಗೆ ಮನೆ ಬಿಟ್ಟು ಬಂದವರು, ಇವರ ಚರಿತ್ರೆ ಎಲ್ಲಿದೆ ಎಂದು ಕೇಳಿದರೆ ಕೈ ತೋರಿಸಲು ಒಂದು ಕಪಾಟೂ ಇಲ್ಲ.

ಇಲ್ಲವೇ ಇಲ್ಲ ಎನ್ನುವುದೂ ತಪ್ಪು. ಅಟ್ಟದ ಮೇಲಿದೆ. ಪೇಟೆಯ ಹಳೇ ಮನೆ ಕೆಡವಿ ಕಾಂಪ್ಲೆಕ್ಸ್ ಕಟ್ಟಲು ಹೊರಟ ದಿನ ಅದು ಕೆಳಗಿಳಿಯುತ್ತದೆ, ಮಧ್ಯಾಹ್ನದೊಳಗೆ ಗುಜರಿಯವರ ತಕ್ಕಡಿ ಏರುತ್ತದೆ. ಕಾಗದಕ್ಕೆ ಒಂದು ದರ, ರಟ್ಟಿಗೆ ಒಂದು ದರ. ಮನೆಯವರನ್ನು ದೂರಿ ಪ್ರಯೋಜನವಿಲ್ಲ. ಇಟ್ಟುಕೊಳ್ಳಲು ಜಾಗವಿಲ್ಲ, ಕೊಡೋಣವೆಂದರೆ ತೆಗೆದುಕೊಳ್ಳುವವರಿಲ್ಲ. ಆ ತೆಗೆದುಕೊಳ್ಳುವವರು ನಾವಾಗಬೇಕು ಎಂದೇ ಊರಿನ ಕೆಲವರು ಸೇರಿ ಈ ಟ್ರಸ್ಟ್ ಮಾಡಿಕೊಂಡದ್ದು. ನಿವೃತ್ತ ಮೇಷ್ಟ್ರುಗಳು, ಒಬ್ಬರು ಔಷಧಿ ಅಂಗಡಿಯವರು, ಕಾಲೇಜು ಹುಡುಗರು, ಹುಡುಗಿಯರು. ಇತಿಹಾಸದಲ್ಲಿ ಡಾಕ್ಟರೇಟ್ ಮಾಡಿದವರು ನಮ್ಮಲ್ಲಿ ಯಾರೂ ಇಲ್ಲ.

ಏನು ಸಿಗುತ್ತದೆ ಎಂದು ಕೇಳುವವರಿಗೆ ಒಂದು ಪುಸ್ತಕದ ವಿಷಯ ಹೇಳಬೇಕು. ಅದು ಒಂದು ಅಡಿಕೆ ಮಂಡಿಯ ಖಾತೆ ಪುಸ್ತಕ. ಕೆಂಪು ಬಟ್ಟೆಯ ರಟ್ಟು, ಮೊದಲ ಪುಟದಲ್ಲಿ ಶ್ರೀಕಾರ, ದೀಪಾವಳಿ ಪೂಜೆಯ ಅರಿಶಿನ ಕುಂಕುಮ ಇನ್ನೂ ಅಂಟಿಕೊಂಡಿದೆ. ಎಡಗಡೆ ಬೆಳೆಗಾರ ತಂದ ಮಾಲು, ಅಡಿಕೆಯ ತರಗತಿವಾರು: ರಾಶಿ ಇಷ್ಟು, ಬೆಟ್ಟೆ ಇಷ್ಟು, ಗೊರಬಲು ಇಷ್ಟು. ಬಲಗಡೆ ಆ ಮಾಲು ಬರುವುದಕ್ಕೆ ಎಷ್ಟೋ ತಿಂಗಳು ಮೊದಲೇ ಅವನು ಒಯ್ದದ್ದು. ಸೀಮೆಎಣ್ಣೆ, ಉಪ್ಪು, ಬೆಲ್ಲ, ಅಡಿಕೆಯ ಕೊಳೆ ರೋಗದ ಔಷಧಿಗೆ ಮೈಲುತುತ್ತ, ‘ಮಗಳ ಮದುವೆ ಬಾಬ್ತು ನಗದು’, ‘ಆಸ್ಪತ್ರೆ ಖರ್ಚು’. ಒಂದು ವರ್ಷ ಮಳೆ ಹೆಚ್ಚಾಗಿ ತೋಟಕ್ಕೆ ಕೊಳೆ ಬಿದ್ದಿದ್ದರೆ ಎಡಗಡೆ ಖಾಲಿ, ಬಲಗಡೆ ಉದ್ದ. ಅದರ ಮುಂದಿನ ವರ್ಷ ಅದೇ ಮನೆಯವರು ಸಕ್ಕರೆ ಒಯ್ದಿಲ್ಲ, ಬೆಲ್ಲವನ್ನಷ್ಟೇ ಒಯ್ದಿದ್ದಾರೆ. ಮಲೆನಾಡಿನ ತೋಟದ ಸಂಸಾರ ಹೇಗೆ ನಡೆಯುತ್ತಿತ್ತು ಎಂಬುದನ್ನು ಇದಕ್ಕಿಂತ ಚೆನ್ನಾಗಿ ಬರೆದ ಪುಸ್ತಕ ನಾವಂತೂ ಓದಿಲ್ಲ.

ಆ ಪುಸ್ತಕ ಕೊಡಲು ಮಂಡಿಯ ಮನೆಯವರು ಮೊದಲು ಒಪ್ಪಲಿಲ್ಲ. ‘ಯಾರ್ ಯಾರಿಗೆ ಎಷ್ಟು ಸಾಲ ಇತ್ತು ಅಂತ ಊರಿಗೆಲ್ಲ ತೋರ್ಸೋದಾ ಮಾರಾಯ್ರೆ?’ ಎಂದರು. ಅವರ ಮಾತು ಸರಿ. ಹಾಗಾಗಿ ಸಾಲದ ಖಾತೆಗಳಲ್ಲಿ ಮನೆತನದ ಹೆಸರು ಮುಚ್ಚಿಯೇ ಹೊರಗೆ ತೋರಿಸುವುದು ಎಂಬ ನಿಯಮ ಮಾಡಿಕೊಂಡೆವು. ಮೂಲ ಪುಸ್ತಕ ಮನೆಯವರದೇ. ನಾವು ಸ್ಕ್ಯಾನ್ ಮಾಡಿ, ಪ್ರತಿಯನ್ನು ಪೆನ್‌ಡ್ರೈವ್‌ನಲ್ಲಿ ಹಾಕಿ, ಪುಸ್ತಕದ ಜೊತೆಗೇ ಹಿಂದಿರುಗಿಸುತ್ತೇವೆ.

ಕಾಗೋಡು ನಮ್ಮೂರಿನ ಹತ್ತಿರದಲ್ಲೇ ಇದೆ. 1951ರಲ್ಲಿ ಅಲ್ಲಿಯ ಗೇಣಿದಾರರು ಎದ್ದು ನಿಂತದ್ದು, ರೈತ ನಾಯಕ ಗಣಪತಿಯಪ್ಪ, ಸಮಾಜವಾದಿ ಶಾಂತವೇರಿ ಗೋಪಾಲಗೌಡರು ಅವರ ಜೊತೆಗಿದ್ದದ್ದು, ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದದ್ದು, ಇದೆಲ್ಲ ರಾಜ್ಯದ ಚರಿತ್ರೆಯಲ್ಲಿ ಸೇರಿಹೋಗಿದೆ. ಜಗಳದ ಮೂಲ ಮಾತ್ರ ಒಂದು ಕೊಳಗ. ಗೇಣಿ ಭತ್ತ ಅಳೆದುಕೊಳ್ಳುವ ಕೊಳಗ ರೂಢಿಯ ಅಳತೆಗಿಂತ ದೊಡ್ಡದು ಎಂಬುದು ತಕರಾರು. ಎಷ್ಟು ದೊಡ್ಡದು? ಒಂದು ಹಳೇ ಕೊಳಗ ಸಿಕ್ಕಿದರೆ ಭತ್ತ ತುಂಬಿಸಿ ಅಳೆದೇ ನೋಡಬಹುದು. ಯಾರ ಮನೆಯ ಕಣಜದ ಹಿಂದಾದರೂ ಬಿದ್ದಿರಬಹುದು, ದಯವಿಟ್ಟು ಹುಡುಕಿ. ಗೇಣಿದಾರರ ಮನೆಯಲ್ಲೂ ಒಡೆಯರ ಮನೆಯಲ್ಲೂ ಕೂತು ಮಾತು ರೆಕಾರ್ಡ್ ಮಾಡುತ್ತೇವೆ. ಒಂದೇ ಕಡೆಯವರದು ಕೇಳಿ ಬರುವ ಉದ್ದೇಶ ನಮಗಿಲ್ಲ.

ಎಲ್ಲಕ್ಕಿಂತ ಅವಸರವಿರುವುದು ಹಿನ್ನೀರಿನ ಜನರ ವಿಷಯದಲ್ಲಿ. ಶರಾವತಿಗೆ ಕಟ್ಟಿದ ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ. ಆಗ ಇಪ್ಪತ್ತು ವರ್ಷದವರಾಗಿದ್ದವರಿಗೆ ಈಗ ಎಂಬತ್ತು ದಾಟಿದೆ. ಗಾಡಿಯಲ್ಲಿ ಪಾತ್ರೆ, ದೇವರ ಪೆಟ್ಟಿಗೆ, ಬಾಗಿಲ ಚೌಕಟ್ಟು ಹೇರಿಕೊಂಡು ಬಂದದ್ದನ್ನು ಕಣ್ಣಾರೆ ಕಂಡವರು ಅವರೇ ಕೊನೆ. ತುಮರಿ ಕಡೆಯ ಒಬ್ಬ ಅಮ್ಮನನ್ನು ಮಾತಾಡಿಸಿದಾಗ ಅವರು ಊರಿನ ಹೆಸರಿನ ಜೊತೆಗೆ ಗದ್ದೆಗಳ ಹೆಸರನ್ನೂ ಒಂದೊಂದಾಗಿ ಹೇಳುತ್ತ ಹೋದರು. ಮೇಲಿನ ಮಕ್ಕಿ, ಹೊಳೆಬಾಗಿಲ ಗದ್ದೆ, ನೇರಲೆ ಮರದ ಹತ್ತಿರದ್ದು. ‘ಬೇಸಿಗೇಲಿ ನೀರು ಇಳಿದ್ರೆ ನಮ್ಮ ಬಾವಿಕಟ್ಟೆ ಕಾಣ್ತದೆ ತಮಾ, ಹೋಗಿ ನೋಡುವ ಅಂದ್ರೆ ಮಂಡಿ ಕೇಳೂದಿಲ್ಲ’ ಎಂದರು. ಅದೇ ಹಿನ್ನೀರಿನೊಳಗೆ 1948ರ ಹಿರೇಭಾಸ್ಕರ ಅಣೆಕಟ್ಟೂ ಮುಳುಗಿದೆ. ನೀರು ತೀರ ಇಳಿದ ವರ್ಷ ಮಡೆನೂರಿನ ಹತ್ತಿರ ಅದರ ನೀರು ಹೊರಬಿಡುವ ಸೈಫನ್‌ಗಳು ಮೇಲೆದ್ದು ನಿಂತಾಗ ಪೇಪರಿನಲ್ಲಿ ಫೋಟೋ ಬರುತ್ತದೆ. ಬಾವಿಕಟ್ಟೆಯ ಫೋಟೋ ಯಾರೂ ಹಾಕುವುದಿಲ್ಲ.

2025ರ ಜುಲೈನಲ್ಲಿ ಹಿನ್ನೀರು ದಾಟಿ ತುಮರಿ ದ್ವೀಪಕ್ಕೆ ಹೋಗುವ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ತೆರೆಯಿತು. ಬಹಳ ಕಾಲದ ಬೇಡಿಕೆ ಈಡೇರಿತು, ಸಂತೋಷ. ಆದರೆ ಲಾಂಚಿಗೆ ಕಾದವರ ಕಾಲ ಅಲ್ಲಿಗೆ ಮುಗಿಯಿತು. ಕೊನೇ ಲಾಂಚ್ ತಪ್ಪಿ ದಡದಲ್ಲೇ ರಾತ್ರಿ ಕಳೆದವರು, ಮದುವೆ ದಿಬ್ಬಣವನ್ನು ಬಸ್ಸಿನ ಸಮೇತ ದಾಟಿಸಿದವರು, ಹೆರಿಗೆ ನೋವಿನಲ್ಲಿ ಹೊಳೆ ದಾಟಿದವರು ಆ ದ್ವೀಪದ ಮನೆಮನೆಯಲ್ಲೂ ಇದ್ದಾರೆ. ನೆನಪು ಹಸಿಯಾಗಿರುವಾಗಲೇ ಕೇಳಿಕೊಳ್ಳಬೇಕು. ಲಾಂಚಿನ ಟಿಕೆಟ್ ಒಂದು ಯಾರ ಪರ್ಸಿನಲ್ಲಾದರೂ ಉಳಿದಿದ್ದರೆ ಅದೂ ಬೇಕು. ಹಾಗೆಯೇ ಬ್ರಾಡ್‌ಗೇಜ್ ಬರುವ ಮುಂಚೆ ತಾಳಗುಪ್ಪಕ್ಕೆ ಓಡುತ್ತಿದ್ದ ರೈಲ್‌ಬಸ್ಸಿನ ಫೋಟೋ, ಮೂರು ವರ್ಷಕ್ಕೊಮ್ಮೆ ಬರುವ ಮಾರಿಕಾಂಬಾ ಜಾತ್ರೆಯ ಹಳೇ ಕರಪತ್ರಗಳು, ನಾಟಕ ಕಂಪನಿಯ ಹ್ಯಾಂಡ್‌ಬಿಲ್‌ಗಳು. ದೀವರ ಸಮುದಾಯದ ಅಮ್ಮಂದಿರು ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಅಕ್ಕಿಹಿಟ್ಟಿನಲ್ಲಿ, ಪುಂಡಿ ನಾರಿನ ಕುಂಚದಲ್ಲಿ ಬರೆಯುವ ಹಸೆ ಚಿತ್ತಾರವನ್ನಂತೂ ಗೋಡೆ ಸಮೇತ ತರಲಾಗದು. ಟೆರೇಸ್ ಮನೆ ಏಳುವ ಮುಂಚೆ ಫೋಟೋ, ವಿಡಿಯೋ ಮಾಡಿಕೊಳ್ಳುವುದೊಂದೇ ದಾರಿ.

ಇಷ್ಟು ದಿನ ಮೊಬೈಲ್ ಕ್ಯಾಮೆರಾದಲ್ಲೇ ಕೆಲಸ ಸಾಗಿಸಿದ್ದೇವೆ. ಅದು ಸಾಲದು. ದಪ್ಪ ಖಾತೆ ಪುಸ್ತಕವನ್ನು ಮಾಮೂಲಿ ಸ್ಕ್ಯಾನರಿನ ಮೇಲೆ ಕವುಚಿ ಒತ್ತಿದರೆ ಹೊಲಿಗೆ ಬಿಚ್ಚುತ್ತದೆ. ಮೇಲಿನಿಂದ ಚಿತ್ರ ತೆಗೆಯುವ ಸ್ಕ್ಯಾನರೇ ಬೇಕು. ಸ್ಟುಡಿಯೋಗಳ ಹಳೇ ನೆಗೆಟಿವ್ ಡಬ್ಬಿ ತೆರೆದರೆ ವಿನೆಗರ್ ವಾಸನೆ ಹೊಡೆಯುತ್ತದೆ. ಹಾಗೆ ವಾಸನೆ ಬಂತೆಂದರೆ ಫಿಲ್ಮ್ ಕೊಳೆಯಲು ಶುರುವಾಗಿದೆ ಎಂದರ್ಥ, ತಡೆಯುವುದು ಕಷ್ಟ, ಬೇಗ ಪ್ರತಿ ಮಾಡಬೇಕು ಅಷ್ಟೆ. ಇನ್ನು ನಮ್ಮ ಮಳೆ. ಹಿಂದೆ ಅಡುಗೆಮನೆಯ ಒಲೆಯ ಹೊಗೆ ಅಟ್ಟಕ್ಕೇರಿ ಹುಳ, ಬೂಷ್ಟು ಹತ್ತಿರ ಸುಳಿಯುತ್ತಿರಲಿಲ್ಲ ಎಂದು ಹಿರಿಯರು ಹೇಳುತ್ತಾರೆ. ಈಗ ಎಲ್ಲರ ಮನೆಯಲ್ಲೂ ಗ್ಯಾಸ್. ಅಮ್ಮಂದಿರ ಕಣ್ಣು, ಎದೆ ಉಳಿಯಿತು, ಕಾಗದ ಉಳಿಯುತ್ತಿಲ್ಲ. ಆಷಾಢ, ಶ್ರಾವಣ ಕಳೆಯುವಷ್ಟರಲ್ಲಿ ಪುಟಗಳು ಒಂದಕ್ಕೊಂದು ಅಂಟಿಕೊಂಡಿರುತ್ತವೆ.

ಒಂದು ವರ್ಷದ ಕೆಲಸಕ್ಕೆ ನಾವು ಹಾಕಿಕೊಂಡಿರುವ ಅಂದಾಜು 6,40,000 ರೂಪಾಯಿ. ಸ್ಕ್ಯಾನರ್, ಕ್ಯಾಮೆರಾ, ಸ್ಟ್ಯಾಂಡ್‌ಗೆ 1,60,000. ತೇವ ಹೀರುವ ಯಂತ್ರ, ಕಬ್ಬಿಣದ ಕಪಾಟು, ಆಮ್ಲವಿಲ್ಲದ ಕಾಗದದ ಪೆಟ್ಟಿಗೆಗಳಿಗೆ 70,000. ರೆಕಾರ್ಡರ್, ಮೈಕು, ಹಾರ್ಡ್ ಡಿಸ್ಕ್‌ಗಳಿಗೆ 42,000. ಹಳ್ಳಿಗಳ ಓಡಾಟಕ್ಕೆ 30,000, ಊರಿನಲ್ಲಿ ನಡೆಸುವ ಪ್ರದರ್ಶನಕ್ಕೆ 50,000. ಉಳಿದ 2,88,000 ಇಬ್ಬರು ಯುವಕ ಯುವತಿಯರಿಗೆ ತಿಂಗಳಿಗೆ ತಲಾ 12,000ದಂತೆ ಸಂಬಳ. ‘ಸೇವೆ ಅಂತ ಮಾಡ್ಲಿ, ಸಂಬಳ ಯಾಕೆ?’ ಎಂದು ಹಿರಿಯರೊಬ್ಬರು ಕೇಳಿದರು. ಟ್ರಸ್ಟಿಗಳಾದ ನಾವು ಒಂದು ಪೈಸೆ ತೆಗೆದುಕೊಳ್ಳುವುದಿಲ್ಲ, ಕಾಫಿಯೂ ಸ್ವಂತ ಖರ್ಚು. ಆದರೆ ದಿನವಿಡೀ ಕೂತು ಪುಟ ತಿರುವುವ ಹುಡುಗರಿಗೆ ಕೂಲಿ ಕೊಡದೆ ದುಡಿಸುವುದು ನಮಗೆ ಒಪ್ಪಿಗೆಯಿಲ್ಲ. ಮಂಡಿ ಬರವಣಿಗೆ ಓದುವುದನ್ನು ಅವರಿಗೆ ಹಳೇ ಗುಮಾಸ್ತರೊಬ್ಬರು ಕಲಿಸಿಕೊಡಲು ಒಪ್ಪಿದ್ದಾರೆ.

ಸಂಗ್ರಹಿಸಿದ್ದನ್ನು ಬೀಗ ಹಾಕಿ ಇಡುವುದಿಲ್ಲ. ಮುಂದಿನ ಜಾತ್ರೆಯಲ್ಲಿ ಒಂದು ಮಳಿಗೆ ಹಿಡಿದು ಫೋಟೋಗಳನ್ನು ತೂಗುಹಾಕಿ, ‘ಇದು ಯಾರು, ಯಾವ ಬೀದಿ?’ ಎಂದು ನೋಡಿದವರಿಂದಲೇ ಬರೆಸಿಕೊಳ್ಳುತ್ತೇವೆ. ತಾಲ್ಲೂಕಿನ ಶಾಲೆಗಳಿಗೆ ಚಿತ್ರಗಳ ಪ್ರತಿ ಕೊಡುತ್ತೇವೆ. ಸಂಶೋಧಕರಿಗೂ ಊರಿನ ಯಾರಿಗೂ ನೋಡಲು ಶುಲ್ಕವಿಲ್ಲ.

ನೂರು ರೂಪಾಯಿ ಕೊಟ್ಟರೂ ರಸೀದಿ ಕೊಡುತ್ತೇವೆ. ಹತ್ತು ಸಾವಿರಕ್ಕಿಂತ ಹೆಚ್ಚು ಕೊಡುವವರು ತಂದೆ ತಾಯಿಯ ಹೆಸರಿನಲ್ಲಿ ಒಂದು ಪೆಟ್ಟಿಗೆ ಇರಿಸಬಹುದು, ಅದರೊಳಗೆ ಅವರ ಫೋಟೋ, ಕಾಗದಪತ್ರಗಳೂ ಇರಲಿ ಎಂಬುದು ನಮ್ಮಾಸೆ. ಆದಾಯ ತೆರಿಗೆಯ 80ಜಿ ವಿನಾಯಿತಿ ನಮಗಿನ್ನೂ ಸಿಕ್ಕಿಲ್ಲ, ತಿಳಿದೇ ಕೊಡಿ. ಹಣವನ್ನು ಟ್ರಸ್ಟಿನ ಬ್ಯಾಂಕ್ ಖಾತೆಗೇ ಹಾಕಿ, ಯಾವ ಟ್ರಸ್ಟಿಯ ಸ್ವಂತ ಫೋನ್‌ಪೇಗೂ ಬೇಡ. ಹಣ ಕೊಡಲಾಗದವರು ವಾರಕ್ಕೊಂದು ಮಧ್ಯಾಹ್ನ ಕೊಡಿ, ಇಲ್ಲವೇ ಅಟ್ಟ ಹತ್ತಿ ನೋಡಿ. ಮನೆ ಕೆಡವುವವರಿದ್ದರೆ ಒಂದು ವಾರ ಮೊದಲು ಹೇಳಿ ಕಳುಹಿಸಿ ಸಾಕು, ಚೀಲ ಹಿಡಿದು ನಾವೇ ಬರುತ್ತೇವೆ. ಖರ್ಚು ವೆಚ್ಚದ ಲೆಕ್ಕವನ್ನು ಮೂರು ತಿಂಗಳಿಗೊಮ್ಮೆ ನಮ್ಮ ಕೋಣೆಯ ಬಾಗಿಲಿಗೆ ಅಂಟಿಸುತ್ತೇವೆ, ದೂರದ ದಾನಿಗಳಿಗೆ ವಾಟ್ಸಾಪ್‌ನಲ್ಲಿ ಕಳಿಸುತ್ತೇವೆ.

ಇತಿ ನಿಮ್ಮ ವಿಶ್ವಾಸಿ,
ಟ್ರಸ್ಟಿಗಳ ಪರವಾಗಿ ಕಾರ್ಯದರ್ಶಿ, ಸಾಗರ