ಪೆನ್‌ಡ್ರೈವ್ ಕಿತ್ರೂ ಕೀ ಒಳಗೇ ಇರುತ್ತೆ

ಸಂಪಾದಕರೇ,

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಪೋರ್ಟ್ ನಿಂತ ಮೇಲೆ ನಮ್ಮ ರಿಪೇರಿ ಅಂಗಡಿಗೆ ಹಳೇ ಲ್ಯಾಪ್‌ಟಾಪ್ ಹಿಡ್ಕೊಂಡು 'ಲಿನಕ್ಸ್ ಹಾಕ್ಕೊಡಿ ಸಾರ್' ಅಂತ ಬರೋರು ಜಾಸ್ತಿ ಆಗಿದಾರೆ. ಇದಕ್ಕೆ ನಮ್ಮಂಥೋರು ಬಹಳ ಜನ ಬಳಸೋದು ವೆಂಟಾಯ್ ಅನ್ನೋ ಟೂಲು. ಮಿಂಟು, ಉಬುಂಟು ಅನ್ನೋ ಲಿನಕ್ಸುಗಳು, ವಿಂಡೋಸು, ಎಲ್ಲದರ ಐಎಸ್‌ಒ ಫೈಲನ್ನೂ (ಆಪರೇಟಿಂಗ್ ಸಿಸ್ಟಮ್, ಅಂದ್ರೆ ಓಎಸ್, ಇನ್‌ಸ್ಟಾಲ್ ಮಾಡೋ ಫೈಲು) ಒಂದೇ ಪೆನ್‌ಡ್ರೈವಿಗೆ ಸುಮ್ನೆ ಕಾಪಿ ಮಾಡಿದ್ರೆ ಸಾಕು, ಬೂಟ್ ಆಗುವಾಗ ಮೆನು ಬರುತ್ತೆ, ಸಲಸಲಕ್ಕೂ ಫಾರ್ಮ್ಯಾಟ್ ಮಾಡೋ ರಗಳೆ ಇಲ್ಲ. ಪೇಪರ್‌ಗಳ ಟೆಕ್ ಅಂಕಣದಲ್ಲಿ ಇಂಥ ಟೂಲ್‌ಗಳನ್ನ ಹೊಗಳಿ ಬರೀತಾರೆ, ಬರೀಲಿ, ಒಳ್ಳೇ ಟೂಲೇ. ಆದ್ರೆ ಒಂದು ವಿಷಯ ಬಿಟ್ಟುಬಿಡ್ತಾರೆ.

ಸೆಕ್ಯೂರ್ ಬೂಟ್ (ನಂಬಿಕೆಯ ಸಹಿ ಇಲ್ಲದ ಪ್ರೋಗ್ರಾಮನ್ನ ಬೂಟ್ ಆಗೋಕೆ ಬಿಡದ ಕಾವಲು) ಆನ್ ಇರೋ ಮಷೀನಿಗೆ ವೆಂಟಾಯ್ ಪೆನ್‌ಡ್ರೈವನ್ನ ಮೊದಲ ಸಲ ಚುಚ್ಚಿ ಬೂಟ್ ಮಾಡಿದ್ರೆ ನೀಲಿ ಸ್ಕ್ರೀನ್ ಬಂದು ಕೀ, ಅಂದ್ರೆ 'ಈ ಸಹಿಯನ್ನ ನಂಬು' ಅಂತ ಮಷೀನಿಗೆ ಹೇಳೋ ಡಿಜಿಟಲ್ ಗುರುತು, ಸೇರಿಸೋಕೆ ಕೇಳುತ್ತೆ. ಪೆನ್‌ಡ್ರೈವಲ್ಲಿ ವಿಟಾಯ್‌ಇಎಫ್‌ಐ ಅಂತ 32 ಎಂಬಿಯ ಪುಟ್ಟ ಪಾರ್ಟಿಷನ್ ಇರುತ್ತಲ್ಲ, ಅದರಲ್ಲಿರೋ ಸರ್ಟಿಫಿಕೇಟ್ ಆರಿಸಿ, ಎಸ್ ಎಸ್ ಅಂತ ಒತ್ತಿ, ರೀಬೂಟ್, ಅರ್ಧ ನಿಮಿಷದ ಕೆಲ್ಸ. ಆದ್ರೆ ಆ ಕೀ ಹೋಗಿ ಕೂರೋದು ಮದರ್‌ಬೋರ್ಡಿನ ಮೆಮೊರಿಯಲ್ಲಿ. ಪೆನ್‌ಡ್ರೈವ್ ಕಿತ್ರೂ ಇರುತ್ತೆ, ಹಾರ್ಡ್‌ಡಿಸ್ಕ್ ಫಾರ್ಮ್ಯಾಟ್ ಮಾಡಿದ್ರೂ ಇರುತ್ತೆ. ಮನೆ ಬೀಗದ ಇನ್ನೊಂದು ಕೀ ಮಾಡಿಸಿ ಯಜಮಾನ್ರಿಗೆ ಹೇಳದೇ ಬಿಟ್ಟು ಬಂದ ಹಾಗೆ. ಎಷ್ಟು ಗಿರಾಕಿಗಳ ಮಷೀನಲ್ಲಿ ನಾನೇ ಹೀಗೆ ಮಾಡಿದೀನೋ ಲೆಕ್ಕ ಇಟ್ಟಿಲ್ಲ, ಒಬ್ಬರಿಗೂ ಹೇಳಿಲ್ಲ.

2024ರ ಮಾರ್ಚಲ್ಲಿ ಎಕ್ಸ್‌ಝಡ್ ಅನ್ನೋ, ಲಿನಕ್ಸಲ್ಲಿ ಫೈಲ್ ಕುಗ್ಗಿಸೋ ಕಂಪ್ರೆಷನ್ ಲೈಬ್ರರಿಯ ಟೆಸ್ಟ್ ಫೈಲ್‌ಗಳ ಒಳಗೆ ಬ್ಯಾಕ್‌ಡೋರ್ (ಕಳ್ಳದಾರಿ) ಬಚ್ಚಿಟ್ಟಿದ್ದು ಸಿಕ್ತು, ಅದೂ ಎಸ್‌ಎಸ್‌ಎಚ್ (ದೂರದ ಮಷೀನಿಗೆ ಹೋಗೋ) ಲಾಗಿನ್ ಅರ್ಧ ಸೆಕೆಂಡ್ ನಿಧಾನ ಆಯ್ತು ಅಂತ ಆಂಡ್ರೆಸ್ ಫ್ರಾಯಿಂಡ್ ಅನ್ನೋ ಇಂಜಿನಿಯರ್ ಬೆನ್ನು ಹತ್ತಿದ್ದಕ್ಕೆ. ಆಮೇಲೆ ವೆಂಟಾಯ್ ಸೋರ್ಸ್ ಕೋಡಲ್ಲಿರೋ, ಒಳಗೇನಿದೆ ಅಂತ ಸುಲಭವಾಗಿ ಓದೋಕಾಗದ ರೆಡಿಮೇಡ್ ಬೈನರಿ ಫೈಲ್‌ಗಳ ಬಗ್ಗೆನೂ ಜನ ಪ್ರಶ್ನೆ ಎತ್ತಿದ್ರು. ಅದರಲ್ಲಿ ಕಳ್ಳತನ ಇದೆ ಅಂತ ನಾನು ಹೇಳ್ತಿಲ್ಲ, ಆದ್ರೆ ಓಎಸ್‌ಗಿಂತ ಮೊದಲೇ ಓಡೋ ಪ್ರೋಗ್ರಾಮು, ಆ್ಯಂಟಿವೈರಸ್ ಇನ್ನೂ ಎದ್ದೇ ಇರಲ್ಲ, ಅನುಮಾನ ಬಂದ್ರೆ ತಪ್ಪೇನು?

ಈಗ ಗಿರಾಕಿ ಮಷೀನಿಗೆ ನಾನು ರೂಫಸ್ ಅನ್ನೋ ಟೂಲ್ ಬಳಸ್ತೀನಿ, ಒಂದು ಪೆನ್‌ಡ್ರೈವಿಗೆ ಒಂದೇ ಐಎಸ್‌ಒ, ಚಿಕ್ಕ ಚಿಕ್ಕ ಡ್ರೈವ್ ನಾಲ್ಕು ತಗೊಂಡು ಮೇಲೆ ಚೀಟಿ ಅಂಟಿಸಿದೀನಿ. ಲಿನಕ್ಸ್ ಬಳಸೋರಿಗೆ ಐಎಸ್‌ಒನ ಪೆನ್‌ಡ್ರೈವಿಗೆ ಬರೆಯೋಕೆ ಡಿಡಿ ಕಮಾಂಡ್ ಇದ್ದೇ ಇದೆ. ಹಲವು ಲಿನಕ್ಸ್ ಒಂದೇ ಡ್ರೈವಲ್ಲಿ ಬೇಕು ಅಂದ್ರೆ ಗ್ಲಿಮ್ ಅನ್ನೋದಿದೆ, ಬರೀ ಗ್ರಬ್‌ನ (ಲಿನಕ್ಸ್ ಬೂಟ್ ಮಾಡೋ ಪ್ರೋಗ್ರಾಮಿನ) ಕಾನ್ಫಿಗ್ ಫೈಲ್‌ಗಳು, ತೆರೆದು ಓದಬಹುದು. ವೆಂಟಾಯ್ ನನ್ನ ಸ್ವಂತ ಟೆಸ್ಟ್ ಮಷೀನಿಗೆ ಮಾತ್ರ. ಐಎಸ್‌ಒ ಇಳಿಸಿದ ಮೇಲೆ ಎಸ್‌ಎಚ್‌ಎ256 (ಫೈಲ್ ಬದಲಾಗಿಲ್ಲ ಅಂತ ತೋರಿಸೋ ಸಂಖ್ಯೆ) ತಾಳೆ ನೋಡೋದನ್ನ ಬಿಡಬೇಡಿ, ಆದ್ರೆ ಅದನ್ನ ಕೊಟ್ಟ ಸೈಟೇ ಹ್ಯಾಕ್ ಆಗಿರಬಹುದು, ಹಾಗಾಗಿ ತಯಾರಿಸಿದವರ ಡಿಜಿಟಲ್ ಸಹಿ, ಅಂದ್ರೆ ಸಿಗ್ನೇಚರ್, ನೋಡೋದನ್ನೂ ಬಿಡಬೇಡಿ, 2016ರ ಫೆಬ್ರವರಿಯಲ್ಲಿ ಲಿನಕ್ಸ್ ಮಿಂಟ್‌ನ ಸೈಟನ್ನೇ ಹ್ಯಾಕ್ ಮಾಡಿ ಬ್ಯಾಕ್‌ಡೋರ್ ಇರೋ ಐಎಸ್‌ಒಗೆ ಲಿಂಕ್ ಕೊಟ್ಟಿದ್ರು.

ರಿಪೇರಿಗೆ ಕೊಟ್ಟು ಲಿನಕ್ಸ್ ಹಾಕಿಸ್ಕೊಂಡೋರು ಟರ್ಮಿನಲ್‌ನಲ್ಲಿ (ಕಮಾಂಡ್ ಟೈಪ್ ಮಾಡೋ ಕಿಟಕಿ) ಮೋಕ್‌ಯುಟಿಲ್ ಅನ್ನೋ ಕಮಾಂಡ್ ಓಡಿಸಿ ಮಷೀನಿಗೆ ಸೇರಿಸಿರೋ ಕೀಗಳ ಪಟ್ಟಿ ನೋಡ್ಕೊಳ್ಳಿ, ಗೊತ್ತಿಲ್ಲದ್ದು ಕಂಡ್ರೆ ಹಾಕಿದ ಅಂಗಡಿಯವರನ್ನೇ ಕೇಳಿ. ನನ್ನ ಹತ್ರ ಬಂದ್ರೆ ದುಡ್ಡು ತಗೊಳ್ದೇ ತೆಗೆದುಕೊಡ್ತೀನಿ.

— ಒಬ್ಬ ಕಂಪ್ಯೂಟರ್ ರಿಪೇರಿಯವ, ದಾವಣಗೆರೆ