ಸುಮ್ನೆ ಹೋಗಿ ಬಂದದ್ದಲ್ಲ ಮಗಳೇ

ತರೀಕೆರೆ
ಏಪ್ರಿಲ್ 20

ಪ್ರೀತಿಯ ಪುಟ್ಟಿ,

ಮೊನ್ನೆ ಫೋನಿನಲ್ಲಿ "ಹುಲಿ ಕಾಣ್ತಾ ಅಮ್ಮಾ?" ಅಂತ ಕೇಳಿದೆ. ಇಲ್ಲ ಅಂದೆ. "ಅಯ್ಯೋ, ಹಾಗಾದ್ರೆ ಸುಮ್ನೆ ಹೋಗಿ ಬಂದ್ರಾ" ಅಂದವಳೇ ಮೀಟಿಂಗ್ ಇದೆ ಅಂತ ಫೋನ್ ಇಟ್ಟೆ. ಸುಮ್ನೆ ಅಲ್ಲ ಮಗಳೇ. ಅದನ್ನು ಹೇಳೋದಕ್ಕೇ ಈ ಕಾಗದ.

ಇಷ್ಟು ವರ್ಷ ನಾವು ಲಕ್ಕವಳ್ಳಿಯ ಭದ್ರಾ ಡ್ಯಾಂಗೆ ಹೋಗುತ್ತಿದ್ದದ್ದು ಮಳೆಗಾಲದಲ್ಲಿ. ನೀರು 186 ಅಡಿ ಮುಟ್ಟಿತು, ಡ್ಯಾಂ ತುಂಬಿತು ಅಂತ ಪೇಪರಿನಲ್ಲಿ ಬಂದ ಮೇಲೆ ಹೋಗಿ, ಜನರ ನಡುವೆ ನಿಂತು ನೋಡಿ ವಾಪಸ್. ಬೇಸಿಗೆಯಲ್ಲಿ ಅಲ್ಲೇನಿರುತ್ತದೆ ಅಂದುಕೊಂಡಿದ್ದೆ. ನಿಮ್ಮಪ್ಪ ಹಟ ಹಿಡಿದಿದ್ದಕ್ಕೆ ಈ ಸಲ ಬೋಟ್ ಹತ್ತಿದೆ.

ದಾವಣಗೆರೆ ಕಡೆಯ ಗದ್ದೆ, ತೋಟಗಳಿಗೆ ಕಾಲುವೆಯಲ್ಲಿ ನೀರು ಬಿಟ್ಟು ಬಿಟ್ಟು ಭದ್ರೆಯ ಹಿನ್ನೀರು ಈಗ ಇಳಿದಿದೆ. ಮುಳುಗಿದ್ದ ಗುಡ್ಡಗಳ ನೆತ್ತಿ ಮೇಲೆದ್ದು ನಡುಗಡ್ಡೆ ಆಗಿವೆ. ಒಣಗಿದ ಮರಗಳ ಬೊಡ್ಡೆ ನೀರಿನಲ್ಲೇ ನಿಂತಿವೆ. ಅವುಗಳ ಮೇಲೆ ನೀರುಕಾಗೆಗಳು ರೆಕ್ಕೆ ಹರವಿಕೊಂಡು ಕೂತಿದ್ದವು, ಹಿತ್ತಲ ತಂತಿಯ ಮೇಲೆ ಬಟ್ಟೆ ಒಣಹಾಕಿದ ಹಾಗೆ.

ಒಂದು ಬೋಳು ನಡುಗಡ್ಡೆಯಿಂದ ಸ್ವಲ್ಪ ದೂರದಲ್ಲೇ ಬೋಟಿನವರು ಎಂಜಿನ್ ಆಫ್ ಮಾಡಿದರು. ಹತ್ತಿರ ಹೋಗೋ ಹಾಗಿಲ್ಲ, ಮೊಟ್ಟೆ ಇಟ್ಟಿವೆ ಅಂದರು. ಆಮೇಲೆ ಕೇಳಿಸಿತು ನೋಡು ಆ ಗಲಾಟೆ! ಗಡ್ಡೆಯ ತುಂಬ ಹಕ್ಕಿ. ರೀವ ಅಂತಾರೆ. ಹಳದಿ ಕೊಕ್ಕು, ಕೆಂಪು ಕಾಲು, ತಲೆಗೆ ಕರಿ ಟೋಪಿ ಹಾಕಿದ ಹಾಗೆ. ಗೂಡು ಅಂತ ಏನೂ ಕಟ್ಟುವುದಿಲ್ಲ. ಬರೀ ನೆಲದಲ್ಲಿ ಒಂದು ಸಣ್ಣ ಗುಳಿ, ಅದರಲ್ಲಿ ಎರಡು ಮೂರು ಮೊಟ್ಟೆ. ನೆರಳಿಗೆ ಒಂದು ಗಿಡ ಕೂಡ ಇಲ್ಲ.

ನಿಮ್ಮಪ್ಪ ದುರ್ಬೀನು ಕೊಟ್ಟರು. ಒಂದು ಹಕ್ಕಿ ಎದ್ದು ಹಾರಿತು. ನೀರಿಗೆ ತಾಗಿದ ಹಾಗೆ ಹೊಟ್ಟೆ ಅದ್ದಿತು, ಇನ್ನೊಮ್ಮೆ ಅದ್ದಿತು. ಮೀನು ಹಿಡಿಯೋಕೆ ಅಂದುಕೊಂಡೆ. ಅಲ್ಲ. ವಾಪಸ್ ಬಂದು, ಆ ಒದ್ದೆ ಹೊಟ್ಟೆಯಲ್ಲೇ ಮೊಟ್ಟೆಯ ಮೇಲೆ ಮೆಲ್ಲಗೆ ಕೂತಿತು. ಬಿಸಿಲಿಗೆ ಮೊಟ್ಟೆ ಬೇಯಬಾರದು ಅಂತ ತಂಪು ಮಾಡುವುದಂತೆ. ಎರಡನೇ ಕ್ಲಾಸಿನಲ್ಲಿ ನಿನಗೆ ಜ್ವರ ಏರಿದಾಗ ರಾತ್ರಿಯೆಲ್ಲ ಹಣೆಗೆ ಒದ್ದೆ ಬಟ್ಟೆ ಹಾಕುತ್ತಾ ಕೂತಿದ್ದು ನೆನಪಾಗಿ ನನಗೆ ಕಣ್ಣು ತುಂಬಿತು. ಬೋಟಿನಲ್ಲಿ ಯಾರೂ ಮಾತಾಡಲಿಲ್ಲ. ಅಲೆ ಬೋಟಿಗೆ ತಾಗುವ ಸದ್ದು, ಹಕ್ಕಿಗಳ ಸದ್ದು, ಅಷ್ಟೇ. ಆಚೆ ದಡದಲ್ಲಿ ಕಾಡು ಸುಮ್ಮನೆ ನಿಂತಿತ್ತು. ಅದರೊಳಗೆ ನೀನು ಕೇಳಿದ ಹುಲಿಯೂ ಇದ್ದಿರಬಹುದು. ನನಗೆ ಹುಡುಕಬೇಕು ಅನ್ನಿಸಲೇ ಇಲ್ಲ.

ಮುಂಗಾರು ಹಿಡಿದು ನೀರು ಏರಿದರೆ ಆ ಗಡ್ಡೆಗಳು ಮತ್ತೆ ಮುಳುಗುತ್ತವೆ. ಅಷ್ಟರೊಳಗೆ ಮರಿಗಳಿಗೆ ರೆಕ್ಕೆ ಬಲಿಯಬೇಕು. ಮೇ ಮೊದಲ ವಾರ ನಾಲ್ಕು ದಿನ ರಜೆ ಹಾಕು. ಶಿವಮೊಗ್ಗ ರೈಲು ಹತ್ತಿ ತರೀಕೆರೆಯಲ್ಲಿ ಇಳಿ, ಅಪ್ಪ ಸ್ಟೇಷನ್ನಿಗೆ ಬರುತ್ತಾರೆ. ಹಲಸಿನ ಹಪ್ಪಳ ಒಣಗಿಸಿ ಡಬ್ಬಿಗೆ ತುಂಬಿಟ್ಟಿದ್ದೇನೆ. ಬರುವಾಗ ಟೋಪಿ ಮರೀಬೇಡ, ನೀರಿನ ಮೇಲೆ ಬಿಸಿಲು ಜಾಸ್ತಿ.

ನಿನ್ನ ಅಮ್ಮ